ಪಿಟೀಲೂ ರಸ್ತೆಯ ರೋಲರೂ
(ವಿದ್ಯಾರ್ಥಿಯ ಚಿತ್ರವೊಂದರ ವಿಮರ್ಶೆ)

2024ನೆಯ ಇಸವಿಯಲ್ಲಿ, ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಕೃತಿಗಳಿಗೆಂದೇ ಮೀಸಲಾದ 'ಲಾ ಸಿನೆಫ್' ವಿಭಾಗದ ಪ್ರಥಮ ಬಹುಮಾನವು ಕನ್ನಡದ ಕಿರುಚಿತ್ರವೊಂದಕ್ಕೆ ಸಂದಿತು. ಮೈಸೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಅನಂತರ ಪುಣೆಯ ಚಲಚ್ಚಿತ್ರ ಶಿಕ್ಷಣಸಂಸ್ಥೆಯನ್ನು ಸೇರಿದ ಚಿದಾನಂದ ನಾಯ್ಕರು ಅದರ ನಿರ್ದೇಶಕರು. ಸೂರ್ಯಕಾಂತಿ ಹೂಗಳಿಗೆ ಮೊದಲು ತಿಳಿಯಿತೆಂಬ ಅರ್ಥದ ಹೆಸರುಳ್ಳ ಆ ಚಿತ್ರವು ಸುಮಾರು 16 ನಿಮಿಷಗಳದು. ಈ ಸುದ್ದಿಯು ಸಂತೋಷವನ್ನು ತಂದಿತಷ್ಟೆ ಅಲ್ಲ, ಒಂದು ಹಳೆಯ ಪ್ರಶ್ನೆಯನ್ನೂ ಎಬ್ಬಿಸಿತು. ಶಾಲೆಯಲ್ಲಿ, ಕಟ್ಟುಪಾಡಿಗೆ ಒಳಪಟ್ಟು, ಪರೀಕ್ಷೆಯ ಸಲುವಾಗಿ ಮಾಡಿದ ಕೃತಿಯು ಕೇವಲ ಸಾಮುಗರಡಿಯ ಅಭ್ಯಾಸವೋ, ಅಥವಾ ಕಲೆಯೆನಿಸಲು ಯೋಗ್ಯವಾದುದೋ? ಮಕ್ಕಳು ಇಂತಹ ವಿದ್ಯೆಯನ್ನು ಅರಸಿ ಹೊರಟಾಗ ತಾಯಿತಂದೆಗಳ ಮನಸ್ಸಿನಲ್ಲಿ ಏಳುವ ಅಳುಕಿಗೂ ಈ ಪ್ರಶ್ನೆಗೂ ಸಂಬಂಧವಿಲ್ಲದೆ ಇಲ್ಲ.

ಇದಕ್ಕೆ ಉತ್ತರವನ್ನು ಹುಡುಕುವವರು ಹಿಂದಿನದೊಂದು ವಿದ್ಯಾರ್ಥಿಚಿತ್ರವನ್ನು ನಿಧಾನವಾಗಿ ನೋಡುವುದು ಒಳಿತು. ಅದು ರಷ್ಯದ ಆಂದ್ರೇ ತಾರ್ಕೋವ್‌ಸ್ಕಿಯವರು 1960ರಲ್ಲಿ ಮಾಸ್ಕೋವಿನ ಚಲಚ್ಚಿತ್ರ ವಿದ್ಯಾಲಯದಿಂದ ಪದವಿಯನ್ನು ಪಡೆಯಲು ರಚಿಸಿದ, 46 ನಿಮಿಷಗಳ ವರ್ಣಚಿತ್ರ. ರಸ್ತೆಯ ರೋಲರು ಮತ್ತು ಪಿಟೀಲು ಎಂಬುದು ಅದರ ಹೆಸರಿನ ಅರ್ಥ. ಒಂದು ಕೃತಿಯು ಯೋಜನೆಯಿಂದ ಸಂಕಲನದವರೆಗೆ ನಡೆದುಬಂದ ಹಾದಿಯು ಅದರಲ್ಲಿ ಹೆಜ್ಜೆ ಹೆಜ್ಜೆಗೂ ಕಾಣಬರುವುದು.

ಮೊದಲು ಯೋಜನೆಯನ್ನು ನೋಡಬಹುದು. ತಾರ್ಕೋವ್‌ಸ್ಕಿಯವರು ತಮ್ಮ ಸಹಪಾಠಿಯಾದ ಆಂದ್ರೇ ಕೊಂಚಲೋವ್‌ಸ್ಕಿಯವರೊಡನೆ ಕೂಡಿ ಕಥೆಯನ್ನು ಬರೆದರು. ಎಳೆಯ ಲೇಖಕರಿಗೆ ಸಹಜವಾದ ದೋಷವೆಂದರೆ ಜಗತ್ತನ್ನೆಲ್ಲ ಒಂದೇ ಕೃತಿಯಲ್ಲಿ ತುಂಬಬೇಕೆಂಬ ಹಂಬಲ. ಇಲ್ಲಿ ಆ ದೋಷವಿಲ್ಲ. ಕಾಲವು ಒಂದು ಹಗಲು, ಸ್ಥಳವು ಒಂದು ಮನೆ, ಅದರ ಅಂಗಳ, ಸುತ್ತಣ ಬೀದಿಗಳು, ಮುಖ್ಯಪಾತ್ರಗಳು ಇಬ್ಬರೇ. ಪಿಟೀಲನ್ನು ಕಲಿಯುತ್ತಿರುವ ಸಾಶಾ ಎಂಬ ಬಾಲಕ, ಮತ್ತು ಅಂಗಳದಲ್ಲಿ ಡಾಂಬರನ್ನು ಸಮಮಾಡಲು ಬಂದ ರೋಲರಿನ ಚಾಲಕ ಸೆರ್ಗೇಯ್. ಕೇರಿಯ ಹುಡುಗರು 'ಸಂಗೀತಗಾರ'ನೆಂದು ಬಾಲಕನನ್ನು ಕಾಡುವರು, ಚಾಲಕನು ಬಿಡಿಸುವನು, ಇಬ್ಬರಿಗೂ ಸ್ನೇಹವಾಗುವುದು, ಸಂಜೆ ಸಿನಿಮಾಕ್ಕೆ ಹೋಗೋಣವೆಂದು ಮಾತಾಗುವುದು, ತಾಯಿಯು ಕಳುಹಿಸಲೊಲ್ಲಳು. ಇಷ್ಟೇ ಕಥೆ. ಇದನ್ನು ಒಂದು ಚೀಟಿಯ ಮೇಲೆ ಬರೆಯಬಹುದು. ಆದರೆ ಇಷ್ಟು ಕಡಮೆಗೆ ಒಪ್ಪಿಕೊಳ್ಳುವುದಕ್ಕೆ ಧೈರ್ಯವು ಬೇಕು.

ಎರಡನೆಯದು ಸಹಾಯಕರ ಆಯ್ಕೆ. ಛಾಯಾಗ್ರಾಹಕರಾದ ವಾದಿಮ್ ಯೂಸೊವ್ ಹಾಗೂ ಸಂಗೀತವನ್ನು ರಚಿಸಿದ ವ್ಯಾಚೆಸ್ಲಾವ್ ಒವ್ಚಿನ್ನಿಕೊವ್ ಇಬ್ಬರೂ ತಾರ್ಕೋವ್‌ಸ್ಕಿಯವರ ಮುಂದಿನ ಚಿತ್ರಗಳಲ್ಲಿಯೂ ಜೊತೆಗಿದ್ದರು. 1962ರಲ್ಲಿ ವೆನಿಸ್ಸಿನ ಸುವರ್ಣಸಿಂಹ ಪ್ರಶಸ್ತಿಯನ್ನು ಪಡೆದ 'ಇವಾನನ ಬಾಲ್ಯ'ದಲ್ಲಿಯೂ ಇವರದೇ ಕೈವಾಡ. ಕಾವ್ಯವನ್ನು ಒಬ್ಬನೇ ಬರೆಯಬಹುದು, ಚಲಚ್ಚಿತ್ರವನ್ನು ಒಬ್ಬನೇ ಮಾಡಲಾಗದು. ತನ್ನ ಕಣ್ಣಿಗೆ ಕಣ್ಣಾಗುವವನನ್ನೂ ಕಿವಿಗೆ ಕಿವಿಯಾಗುವವನನ್ನೂ ಗುರುತಿಸುವುದು ವಿದ್ಯಾರ್ಥಿಯು ಕಲಿಯಬೇಕಾದ ಮೊದಲ ಪಾಠವೆಂದರೆ ತಪ್ಪಾಗದು.

ಇನ್ನು ಚಿತ್ರೀಕರಣ. ಸಾಶಾ ಪಾಠಕ್ಕೆ ಹೋಗುವಾಗ ಅಂಗಡಿಯೊಂದರ ಕನ್ನಡಿಗಳ ಮುಂದೆ ನಿಲ್ಲುವನು. ಬೀದಿಯು, ಜನರು, ಬೆಳಕು ಎಲ್ಲವೂ ಅವುಗಳಲ್ಲಿ ಹಲವಾಗಿ ಒಡೆದು ಕುಣಿಯುವುವು. ಮಗುವಿನ ಕಲ್ಪನೆಯು ಎಂತಹದೆಂಬುದನ್ನು ಒಂದು ಮಾತೂ ಇಲ್ಲದೆ ತಿಳಿಸುವ ಕ್ರಮವಿದು. ಮುಂದೆ ಸಂಗೀತಶಾಲೆ. ತಾಳಯಂತ್ರವು ಟಕಟಕನೆ ಬಡಿಯುತ್ತಿರಲು, ಉಪಾಧ್ಯಾಯಿನಿಯು ಹುಡುಗನ ಕಲ್ಪನೆಯು ಹೆಚ್ಚಾಯಿತೆಂದು ಅವನನ್ನು ತಡೆಯುವಳು. ಪಾಠಕ್ಕೆ ಒಳಹೋಗುವ ಮುನ್ನ ಅವನು ಪಕ್ಕದಲ್ಲಿದ್ದ ಬಾಲಿಕೆಯ ಬಳಿ ಒಂದು ಸೇಬಿನ ಹಣ್ಣನ್ನು ಇಟ್ಟುಹೋಗಿರುವನು. ಕೊನೆಗೆ ಅಲ್ಲಿ ಕಾಣುವುದು ತಿಂದುಬಿಟ್ಟ ನಡುದಿಂಡು ಮಾತ್ರ. ಅವಳು ತಿಂದಳೆಂದು ಯಾರೂ ಹೇಳುವುದಿಲ್ಲ. ಪಾಠವು ಸೋತರೂ ಕಾಣಿಕೆಯು ಸೋಲಲಿಲ್ಲವೆಂಬ ಭಾವವು ನೋಡುವವರ ಮನಸ್ಸಿನಲ್ಲಿ ತಾನಾಗಿಯೇ ಮೂಡುವುದು. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದಕ್ಕೆ ಚಿತ್ರಪಟದಲ್ಲಿ ಇದಕ್ಕಿಂತ ಸರಳವಾದ ಉದಾಹರಣೆಯು ಅಪರೂಪ.

ಆ ತಾಳಯಂತ್ರದಲ್ಲಿಯೇ ಕೃತಿಯ ಮರ್ಮವಿರುವಂತೆ ತೋರುತ್ತದೆ. ಶಾಲೆಯ ಕಟ್ಟಳೆಯನ್ನು ಹಳಿಯುವ ಚಿತ್ರವಿದೆಂದು ಮೇಲುನೋಟಕ್ಕೆ ಅನಿಸಬಹುದು. ಆದರೆ ಬಾಲಕನು ಅತ್ಯಂತ ಸಂತೋಷದಿಂದಿರುವುದು ರೋಲರನ್ನು ನಡೆಯಿಸುವಾಗ. ಆ ಯಂತ್ರವೋ ನಿಯಮಕ್ಕೆ ಕಟ್ಟುಬಿದ್ದು, ಹಿಂದಕ್ಕೂ ಮುಂದಕ್ಕೂ ಒಂದೇ ದಾರಿಯಲ್ಲಿ ಸಾಗುವಂಥದು. ಅನಂತರ ಕಮಾನಿನ ಕೆಳಗೆ ಅವನು ಚಾಲಕನಿಗಾಗಿ ಪಿಟೀಲನ್ನು ನುಡಿಸುವನು. ಆ ನಾದದಲ್ಲಿ ತಾಳಯಂತ್ರದ ಬಡಿತವಿಲ್ಲ. ಆದರೂ ಕಲಿತ ಬೆರಳುಗಳೇ ಅದನ್ನು ನುಡಿಸುತ್ತಿರುವುವೆಂಬುದನ್ನು ಮರೆಯಬಾರದು. ರೋಲರು ಶ್ರಮ, ಪಿಟೀಲು ಪ್ರತಿಭೆ. ಒಂದನ್ನು ಒಂದು ಹಳಿಯದೆ ಗೆಳೆತನ ಮಾಡುವುದೇ ಈ ಕಥೆ. ವಿದ್ಯಾರ್ಥಿಯ ಚಿತ್ರಕ್ಕೂ ಈ ಮಾತು ಸಲ್ಲುವುದು: ಅದರ ಯೋಜನೆಯೇ ರೋಲರು, ಅದರ ಕಲ್ಪನೆಯೇ ಪಿಟೀಲು.

ಕೊನೆಯದು ಸಂಕಲನ. ತಾಯಿಯು ಬೇಡವೆಂದಮೇಲೆ ಸಾಶಾ ಒಂದು ಚೀಟಿಯನ್ನು ಬರೆದು, ಕಾಗದದ ವಿಮಾನವನ್ನು ಮಾಡಿ ಕಿಟಕಿಯಿಂದ ಹಾರಿಸುವನು. ಅದು ಚಾಲಕನ ಗಮನಕ್ಕೆ ಬೀಳದು. ಅವನು ಜೊತೆಯ ಕೆಲಸಗಾತಿಯೊಡನೆ ಸಿನಿಮಾಕ್ಕೆ ನಡೆಯುವನು. ಮರುಗಳಿಗೆಯಲ್ಲಿ ಬಾಲಕನು ಮೆಟ್ಟಿಲುಗಳನ್ನಿಳಿದು, ಬಯಲನ್ನು ದಾಟಿ, ಕೆಂಪು ರೋಲರಿನತ್ತ ಓಡುತ್ತಿರುವನು. ಇದು ಬಯಕೆಯೋ ನಿಜವೋ ಎಂಬುದಕ್ಕೆ ಒಂದು ಗುರುತನ್ನೂ ನಿರ್ದೇಶಕರು ಕೊಟ್ಟಿಲ್ಲ. ಕನಸೆಂದು ಸೂಚಿಸುವ ಮಬ್ಬಿಲ್ಲ, ಎಚ್ಚರವಾಯಿತೆಂದು ತೋರಿಸುವ ಮರಳುವಿಕೆಯಿಲ್ಲ. ಒಂದು ತುಣುಕನ್ನು ಕೂಡಿಸಿದ್ದರೆ ಅರ್ಥವು ಸ್ಪಷ್ಟವಾಗುತ್ತಿತ್ತು, ಆದರೆ ರಸವು ಕೆಡುತ್ತಿತ್ತು. ಸಂಕಲನವೆಂದರೆ ಕೂಡಿಸುವುದೆಂದು ಶಬ್ದವು ಹೇಳುವುದು. ಬಿಡುವುದೆಂದು ಈ ಕೊನೆಯು ಕಲಿಸುವುದು.

ಕೃತಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಕನ್ನಡಿ, ಕೊಚ್ಚೆಯ ನೀರು, ಗೋಡೆಯ ಮೇಲಾಡುವ ಬೆಳಕು ಎಂದು ಪ್ರತಿಬಿಂಬಗಳು ಒಂದರ ಮೇಲೊಂದು ಬಂದು, ಕೆಲವೆಡೆ ಚೆಲುವಿಗಾಗಿಯೇ ಚೆಲುವೆಂಬಂತಾಗಿದೆ. ಹಳೆಯ ಗೋಡೆಯು ಕೆಡವಲ್ಪಟ್ಟು, ಅದರ ಹಿಂದಿನಿಂದ ಎತ್ತರವಾದ ಹೊಸ ಕಟ್ಟಡವು ಹೊಳೆಯುವಲ್ಲಿ, ನೋಡುವವರಿಗೆ ಅರ್ಥವನ್ನು ಕೈಹಿಡಿದು ತೋರಿಸಿದಂತಿದೆ. ಕೆಲಸಗಾತಿಯ ಪಾತ್ರವು ಕಥೆಯ ಅನುಕೂಲಕ್ಕಾಗಿ ಬಂದು ಹೋಗುವುದು. ಇವು ಕಲಿಯುವವನ ತಪ್ಪುಗಳು. ಆದರೆ ಹೇಳುವುದಕ್ಕೆ ಒಂದು ಮಾತುಳ್ಳವನು ಮಾಡಿದ ತಪ್ಪುಗಳು.

ಮೈಸೂರಿನ ತರುಣರ ಚಿತ್ರವನ್ನು ಈ ಬೆಳಕಿನಲ್ಲಿ ನೋಡಿದರೆ ಮೊದಲಿನ ಪ್ರಶ್ನೆಯು ಬಗೆಹರಿಯುವುದು. ಅದೂ ವರ್ಷಾಂತ್ಯದ ಪಾಠಕ್ಕಾಗಿಯೇ ಹುಟ್ಟಿತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿಗ್ರಹಣ ಈ ನಾಲ್ಕು ವಿಭಾಗಗಳ ನಾಲ್ವರು ವಿದ್ಯಾರ್ಥಿಗಳು ಕೂಡಿ ಮಾಡಿದುದು. ಚಿತ್ರೀಕರಣಕ್ಕೆ ದೊರೆತವು ನಾಲ್ಕೇ ದಿನಗಳು. ತನ್ನ ಕೋಳಿಯು ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ ಅಜ್ಜಿಯ ಕಥೆಯನ್ನು ಕನ್ನಡದ ಮಕ್ಕಳು ಕೇಳಿರುವರು. ಆ ಕಥೆಯಲ್ಲಿ ಸೂರ್ಯನು ತನ್ನ ಪಾಡಿಗೆ ತಾನು ಮೂಡಿ ಅಜ್ಜಿಯ ಜಂಬವು ಮುರಿಯುವುದು. ಚಿತ್ರದಲ್ಲಿಯಾದರೋ ಮುದುಕಿಯು ಊರಿನ ಹುಂಜವನ್ನು ಕದ್ದೊಯ್ಯಲು ನಿಜವಾಗಿಯೂ ಬೆಳಗಾಗದೆ ಹೋಗುವುದು. ಮನೆಯಲ್ಲಿ ಹಾಸ್ಯಕ್ಕೆ ವಸ್ತುವಾಗಿದ್ದವಳು ಇಲ್ಲಿ ಹಗಲಿಗೇ ಒಡತಿಯಾದಳು. ಒಂದು ಚಿಕ್ಕ ತಿರುವು, ಒಂದು ಊರು, ಒಂದು ಇರುಳು. ಇಲ್ಲಿಯೂ ಕಟ್ಟುಪಾಡು ಕಲ್ಪನೆಯನ್ನು ಕೊಲ್ಲಲಿಲ್ಲ, ಅದಕ್ಕೆ ದಾರಿಯನ್ನು ಮಾಡಿಕೊಟ್ಟಿತು.

ಆದುದರಿಂದ ವಿದ್ಯಾರ್ಥಿಯ ಕೃತಿಯನ್ನು ಅಭ್ಯಾಸವೆಂದು ಕ್ಷಮಿಸುವುದೂ ಬೇಡ, ಬಹುಮಾನ ಬಂದಿತೆಂದು ಪೂಜಿಸುವುದೂ ಬೇಡ. ಅವನು ಏನನ್ನು ಬಿಟ್ಟನೆಂಬುದನ್ನು ನೋಡಿ ಬೆಲೆಕಟ್ಟಬೇಕು. ರಸ್ತೆಯು ಸಮವಾಗದೆ ಬಂಡಿಯು ಓಡದು. ಆದರೆ ರಸ್ತೆಯು ಸಮವಾದ ಮಾತ್ರಕ್ಕೆ ಊರನ್ನು ಸೇರಿದಂತಾಗಲಿಲ್ಲ. ಇವೆರಡನ್ನೂ ಬಲ್ಲ ತರುಣರು ಕನ್ನಡನಾಡಿನಲ್ಲಿ ಹೆಚ್ಚಲಿ. ಅಂಥವರು ಮನೆಯಿಂದ ಹೊರಟಾಗ ಬಾಗಿಲನ್ನು ಮುಚ್ಚದ ತಾಯಿತಂದೆಗಳೂ ಹೆಚ್ಚಲಿ.