ಸುಮ್ಮನೆ ಮಲಗಿದವರ ಬೆನ್ನು

ಪಂಚಕರ್ಮ ಕೇಂದ್ರದ ದ್ರೋಣಿಯ ಮೇಲೆ ಬೋರಲು ಮಲಗಿದವರ ಮುಖ ಸರಿಯಾಗಿ ಕಾಣುವುದಿಲ್ಲ. ಮರದ ಆ ಹಲಗೆಯ ಎರಡೂ ಬದಿ ನಿಂತ ಇಬ್ಬರು ಒಂದೇ ಲಯದಲ್ಲಿ ಎಣ್ಣೆ ತಿಕ್ಕುತ್ತಿರುತ್ತಾರೆ. ‘ಹೇಗಿದೆ ಸರ್?’ ಎಂದರೆ ‘ಹೂಂ’. ‘ಜೋರಾಯ್ತಾ?’ ಎಂದರೂ ‘ಹೂಂ’. ಮುಕ್ಕಾಲು ಗಂಟೆಗೆ ಇಷ್ಟೇ ಮಾತು. ತಕರಾರು ಮಾಡುವ ಗಿರಾಕಿಗಿಂತ ಇವರೇ ಕಷ್ಟ. ತಕರಾರು ಮಾಡುವವರು ನೋವು ಎಲ್ಲಿದೆಯೆಂದಾದರೂ ಹೇಳುತ್ತಾರೆ.

ಪಳಗಿದವರು ಆಗ ನೋಡುವುದು ಕಾಲ್ಬೆರಳುಗಳನ್ನು. ಕುತ್ತಿಗೆಗೂ ಹೆಗಲಿಗೂ ನಡುವೆ ಗಂಟುಗಟ್ಟಿದ ಜಾಗಕ್ಕೆ ಹೆಬ್ಬೆರಳು ಊರಿದಾಗ ನೋವು ಹದ ಮೀರಿದರೆ ಕಾಲ್ಬೆರಳು ಮುದುಡುತ್ತವೆ, ಅಂಗೈ ಮುಷ್ಟಿಯಾಗುತ್ತದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಒತ್ತಿದಷ್ಟೂ ಸ್ನಾಯು ಬಿಗಿಯುತ್ತದೆ. ಅಲ್ಲಿ ಬಲ ಹಾಕುವುದು ಶುದ್ಧ ದಂಡ. ಹೆಬ್ಬೆರಳು ತೆಗೆದು, ಅಂಗೈಯನ್ನು ಅಲ್ಲೇ ಹರವಿ, ಅವರು ಉಸಿರು ಬಿಡುವವರೆಗೆ ಕಾದು, ಆ ಉಸಿರಿನ ಜೊತೆಯಲ್ಲೇ ನಿಧಾನಕ್ಕೆ ಮತ್ತೆ ಒತ್ತಬೇಕು.

ಹಾಯೆನಿಸಿ ಸುಮ್ಮನಿರುವವರು ಬೇರೆ, ಹಲ್ಲು ಕಚ್ಚಿ ಸುಮ್ಮನಿರುವವರು ಬೇರೆ. ಅಂಗಾತ ಮಲಗಿಸಿ ತೋಳನ್ನು ಮೆಲ್ಲಗೆ ಎತ್ತಿದರೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯವರ ತೋಳಿನ ಇಡೀ ಭಾರ ಹಿಡಿದವರ ಕೈಗೆ ಬರುತ್ತದೆ. ಎರಡನೆಯವರು ತೋಳನ್ನು ತಾವೇ ಎತ್ತಿಕೊಡುತ್ತಾರೆ, ಅದೂ ಅವರಿಗೇ ಗೊತ್ತಿಲ್ಲದೆ.

ಮುಖ ನೋಡದೆ ಮಾಡುವ ಈ ಕೆಲಸಕ್ಕೆ ಜಪಾನಿನಲ್ಲಿ ದೊಡ್ಡ ಪರಂಪರೆಯೇ ಇದೆ. 17ನೇ ಶತಮಾನದಲ್ಲಿ ಸ್ವತಃ ಅಂಧರಾಗಿದ್ದ ಸುಗಿಯಾಮಾ ವಾಇಚಿ ಅಂಧರಿಗಾಗಿ ಸೂಜಿಚಿಕಿತ್ಸೆ ಮತ್ತು ಅಂಗಮರ್ದನದ ಶಾಲೆ ತೆರೆದರು. ಅನ್ಮಾ ಎಂಬ ಅಲ್ಲಿನ ಮರ್ದನವನ್ನು ಇಂದಿಗೂ ಅನೇಕ ಅಂಧರು ಸರ್ಕಾರಿ ಪರವಾನಗಿ ಪಡೆದು ವೃತ್ತಿಯಾಗಿ ಮಾಡುತ್ತಾರೆ. ಗಿರಾಕಿಯ ಹುಬ್ಬು ಗಂಟಿಕ್ಕಿದ್ದು ಅವರಿಗೆ ಕಾಣುವುದಿಲ್ಲ; ಕೈಗೆ ಸಿಕ್ಕಿದ್ದರಲ್ಲೇ ಎಲ್ಲ ತಿಳಿಯಬೇಕು.

ಮೈಸೂರಿನ ಗರಡಿಮನೆಗೆ ಬಂದರೆ, ಮೈ ತಿಕ್ಕುವ ಉಸ್ತಾದರ ಮುಂದೆ ಪೈಲ್ವಾನ ನೋವೆಂದು ಬಾಯಿಬಿಡುವುದು ಅಪರೂಪ. ಅಲ್ಲಿ ಆ ಮೌನ ನಡೆಯುತ್ತದೆ. ಮಟ್ಟಿಯಲ್ಲಿ ಹುಡುಗ ಯಾವ ಮಗ್ಗುಲಿಗೆ ಬಿದ್ದನೆಂಬುದನ್ನು ಉಸ್ತಾದರು ಕಣ್ಣಾರೆ ಕಂಡಿರುತ್ತಾರೆ. ಮೊದಲ ಸಲ ಕೇಂದ್ರಕ್ಕೆ ಬಂದ ಐವತ್ತು ದಾಟಿದ ಬ್ಯಾಂಕ್ ಉದ್ಯೋಗಿಯ ವಿಷಯದಲ್ಲಿ ಆ ಅನುಕೂಲವಿಲ್ಲ.

ಆದ್ದರಿಂದ ಎಣ್ಣೆ ಬೆಚ್ಚಗಾಗುವ ಮೊದಲಿನ ಮೌನವನ್ನು ಒಪ್ಪಲೇಬಾರದು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ತರಬಹುದು. ಇತ್ತೀಚೆಗೆ ಆಪರೇಷನ್ ಆಗಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಕೇಳಲೇಬೇಕು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಅಂದಾಜಿಸಿತು. ಕಾಯಿಲೆ ಹಳೆಯದಾದಂತೆ ಕೆಲವರ ಪಾದದ ಸ್ಪರ್ಶವೇ ಮಂದವಾಗುತ್ತದೆ. ಪತ್ರಪಿಂಡ ಸ್ವೇದಕ್ಕೆ ಸೊಪ್ಪಿನ ಗಂಟನ್ನು ಬಾಣಲೆಯಲ್ಲಿ ಕಾಯಿಸಿ, ತಮ್ಮ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ಮೈಗೆ ಒತ್ತುತ್ತಾರಲ್ಲ, ಅಂಥ ಪಾದ ಸುಟ್ಟರೂ ಮಾಲೀಕರು ‘ಹೂಂ’ ಎಂದೇ ಅನ್ನುತ್ತಾರೆ. ಅಜೀರ್ಣವಿದ್ದಾಗ ಅಭ್ಯಂಗ ಬೇಡವೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ಅದನ್ನೂ ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಕೇಳುವುದರಲ್ಲೂ ಜಾಣ್ಮೆ ಬೇಕು. ‘ಏನಾದರೂ ತೊಂದರೆ ಇದೆಯಾ?’ ಎಂದರೆ ‘ಏನಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ‘ದಿನಾ ಯಾವ ಮಾತ್ರೆ ತಗೋತೀರಿ?’ ಎಂದರೆ ಜೇಬಿನಿಂದ ಚೀಟಿಯೇ ಹೊರಬರುತ್ತದೆ. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎನ್ನುವ ಆಸ್ಪತ್ರೆಯ ಕ್ರಮ ಹಿರಿಯರಿಗೆ ಒಗ್ಗುವುದು ಕಡಿಮೆ. ‘ಎಡಕ್ಕಿಂತ ಬಲಗಡೆ ಜಾಸ್ತಿನಾ?’ ಎಂದರೆ ಥಟ್ಟನೆ ಹೇಳುತ್ತಾರೆ. ಮಾತೇ ಬೇಡವೆನ್ನುವವರಿಗೆ ‘ಸಾಕೆನಿಸಿದರೆ ತೋರುಬೆರಳು ಎತ್ತಿ’ ಎಂದು ಮೊದಲೇ ಹೇಳಿಟ್ಟರೆ ಆಯಿತು.

ಇಷ್ಟಾದ ಮೇಲೆ ಅವರನ್ನು ಅವರ ಪಾಡಿಗೆ ಬಿಡಬೇಕು. ಮಳೆ, ರಾಜಕೀಯ, ಮಕ್ಕಳ ಓದು ಎಂದು ಮಾತಿಗೆಳೆಯುವ ಚಿಕಿತ್ಸಕರು ಅರ್ಧ ಅಭ್ಯಂಗವನ್ನು ಕೆಡಿಸುತ್ತಾರೆ. ದಿನವಿಡೀ ಕೌಂಟರಿನಲ್ಲಿ ಕೂತು ಮಾತಾಡಿದವರು ಇಲ್ಲಿಗೆ ಬರುವುದೇ ಬಾಯಿಗೆ ಬಿಡುವು ಬೇಕೆಂದು.

ಮೌನಿಗಳ ಮಾತು ಹೊರಡುವುದು ಎಲ್ಲ ಮುಗಿದು, ಬಿಸಿನೀರಿನ ಸ್ನಾನವಾಗಿ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ. ‘ಈ ಸೊಂಟ ಇದೆಯಲ್ಲಾ, ಹೋದ ವರ್ಷ ಬೈಕಿಂದ ಬಿದ್ದಾಗಿನಿಂದ...’ ಎಂದು ಶುರುವಾಗುತ್ತದೆ. ಬೇಕಾದ ವಿವರ ಸಿಗುವ ಹೊತ್ತು ಅದೇ. ಆದರೆ ಒಬ್ಬರ ಬೆನ್ನಿಗೇ ಇನ್ನೊಬ್ಬರನ್ನು ಕರೆಯುವ ಕೇಂದ್ರಗಳಲ್ಲಿ ಚಿಕಿತ್ಸಕರು ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿರುತ್ತಾರೆ. ಎರಡು ಸರದಿಗಳ ನಡುವೆ ಹತ್ತು ನಿಮಿಷ ಖಾಲಿ ಬಿಟ್ಟು, ಆ ಸೊಂಟದ ಕಥೆಯನ್ನು ಗಿರಾಕಿಯ ಕಾರ್ಡಿನಲ್ಲಿ ಬರೆದಿಡುವ ವ್ಯವಸ್ಥೆ ಮಾಡುವುದು ಕೇಂದ್ರದ ಹೊಣೆ.