ಫಾರ್ಮ್ಯಾಟ್ ಬೇಡ, ಸ್ವಲ್ಪ ತಾಳಿ

ಕೆಟ್ಟುಹೋದ ಡೆಸ್ಕ್‌ಟಾಪನ್ನು ಅಂಗಡಿಯ ಮೇಜಿನ ಮೇಲಿಟ್ಟರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು, ‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್’. ಅದನ್ನು ಕೇಳಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಮಷೀನು ಕೆಟ್ಟಿತು ಎಂದಮಾತ್ರಕ್ಕೆ ಫೈಲುಗಳು ಹೋದವು ಎಂದಲ್ಲ. ಬಹಳ ಸಲ ಹಾರ್ಡ್ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ, ಕೈಕೊಟ್ಟಿರುವುದು ಬೇರೇನೋ.

ಆ ಬೇರೇನೋ ಏನೆಂಬುದು ಊರಿನ ಕಸುಬಿನ ಮೇಲೂ ನಿಂತಿದೆ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಮನೆಯ ಕ್ಯಾಬಿನೆಟ್ ಬಿಚ್ಚಿ ನೋಡಿ. ಹಾಲೆ ಮರದ ನಯವಾದ ಪುಡಿ ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿನ ಸಂದಿಗೂ ಮೆತ್ತಿಕೊಂಡಿರುತ್ತದೆ. ಗಾಳಿಯಾಡದೆ ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸುವ ಕೋಣೆಯ ಪಕ್ಕ ಕಂಪ್ಯೂಟರ್ ಇಟ್ಟವರಿಗೆ ಆವಿಯ ಕಾಟ. ರ‍್ಯಾಮಿನ ಅಂಚಿನ ಚಿನ್ನದ ಬಣ್ಣದ ಕಾಲುಗಳು ಮಂಕಾಗಿರುತ್ತವೆ. ಅದನ್ನು ಕಿತ್ತು, ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಸ್ಲಾಟಿಗೆ ಒತ್ತಿದರೆ ಎಷ್ಟೋ ಮಷೀನುಗಳು ಎದ್ದು ಕೂರುತ್ತವೆ. ಕನಕಪುರದಲ್ಲಿ ಕಲ್ಲಿನ ಕೆಲಸ ನಡೆಯುವಲ್ಲಿ ಧೂಳಿನದೇ ಕಾರುಬಾರು. ಮಾಗಡಿ ಕಡೆಯ ಹಳ್ಳಿಗಳಲ್ಲಿ ಕರೆಂಟು ಹೋಗಿ, ತಕ್ಷಣ ಜೋರಾಗಿ ಬರುತ್ತದಲ್ಲ, ಆ ಏಟು ಬೀಳುವುದು ಮಷೀನಿಗೆ ಪವರ್ ಕೊಡುವ ಎಸ್‌ಎಂಪಿಎಸ್‌ಗೆ.

ಎಸ್‌ಎಂಪಿಎಸ್ ಬದುಕಿದೆಯೋ ಇಲ್ಲವೋ ನೋಡುವುದು ಸುಲಭ. ಅದನ್ನು ಬೋರ್ಡಿನಿಂದ ಬಿಡಿಸಿ, 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರನ್ನೂ ಪಕ್ಕದ ಕಪ್ಪು ವೈರನ್ನೂ ತಂತಿಯ ತುಂಡಿನಿಂದ ಸೇರಿಸಿ ಸ್ವಿಚ್ ಹಾಕಿದರೆ ಫ್ಯಾನು ತಿರುಗಬೇಕು. ತಿರುಗದಿದ್ದರೆ ಹೊಸದು ತನ್ನಿ. ಹಳೆಯದರ ಮುಚ್ಚಳ ಮಾತ್ರ ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರ್ ಶಾಕ್ ಹೊಡೆಯುತ್ತದೆ. ಫ್ಯಾನು ತಿರುಗಿತೆಂದರೂ ಪೂರ್ತಿ ನಂಬುವಂತಿಲ್ಲ, ವೋಲ್ಟೇಜ್ ಅಳೆಯಲು ಮೀಟರ್ ಬೇಕು.

ನನ್ನ ಪದ್ಧತಿ ಬೇರೆ. ಮಷೀನನ್ನು ಎಬ್ಬಿಸುವ ಮುಂಚೆ ಡಿಸ್ಕನ್ನು ಹೊರಗೆ ತೆಗೆಯುತ್ತೇನೆ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಬರೀ ಯುಎಸ್‌ಬಿ ಸಾಲದು. ಅಡಾಪ್ಟರ್ ಇರುವ ಕನ್ವರ್ಟರ್ ಬೇಕು. ಜೋಡಿಸಿ, ಕಿವಿಗೊಟ್ಟು ಕೇಳಬೇಕು. ಸಮನಾದ ಗುಂಯ್ ಸದ್ದು ಒಳ್ಳೆಯ ಲಕ್ಷಣ. ಟಕ್, ಟಕ್ ಎಂದು ಬಡಿಯುತ್ತಿದ್ದರೆ ಕೂಡಲೇ ಪವರ್ ತೆಗೆಯಿರಿ; ಒಳಗಿನ ಹೆಡ್ ತಡಕಾಡುತ್ತಿದೆ, ಓಡಿಸಿದಷ್ಟೂ ತಟ್ಟೆಯ ಮೇಲೆ ಗೀರು. ಅದು ಲ್ಯಾಬಿಗೆ ಹೋಗಬೇಕಾದ ಕೇಸು. ಫ್ರಿಜ್ಜಿನಲ್ಲಿಡಿ ಎನ್ನುವವರ ಮಾತು ಕೇಳಿ ಅದರೊಳಗೆ ನೀರು ಕಟ್ಟಿಸಬೇಡಿ.

ಓದಲು ತೊದಲುವ ಡಿಸ್ಕಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಇದೆ, ಬಿಟ್ಟಿ ಸಿಗುತ್ತದೆ. ಸಲೀಸಾಗಿ ಓದಿಸಿಕೊಳ್ಳುವ ಭಾಗಗಳನ್ನು ಮೊದಲು ನಕಲಿಸಿ, ಹಟ ಮಾಡುವ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಆಯಿತೆಂಬ ಲೆಕ್ಕವನ್ನು ಬರೆದಿಡುವುದರಿಂದ ಮಧ್ಯೆ ಕರೆಂಟು ಹೋದರೂ ಕೆಲಸ ಮುಂದುವರಿಸಬಹುದು. ಇಷ್ಟು ವಿವೇಕದ ತಂತ್ರಾಂಶ ನಾನು ಕಂಡದ್ದು ಕಡಿಮೆ.

ಈಚೆಗೆ ಮಾಗಡಿಯ ನಿವೃತ್ತ ಮೇಷ್ಟ್ರೊಬ್ಬರ ಡಿಸ್ಕ್ ಕೈಗೆ ಬಂತು. ಸೋಮನ ಕುಣಿತದ ಪದಗಳನ್ನು ಊರೂರು ಸುತ್ತಿ ಬರೆದುಕೊಂಡು, ಟೈಪ್ ಮಾಡಿಟ್ಟಿದ್ದವರು. ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಆಗಿಹೋಗಿತ್ತು. ‘ಆಮೇಲೆ ಅದಕ್ಕೇನಾದ್ರೂ ತುಂಬಿದ್ರಾ ಮೇಷ್ಟ್ರೆ?’ ಎಂದೆ. ‘ಇಲ್ಲಪ್ಪ, ಮುಟ್ಟಲೇ ಇಲ್ಲ’ ಎಂದರು. ಅದೇ ಉಳಿಸಿತು. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಡಿಸ್ಕಿನ ವಿಷಯಸೂಚಿಯನ್ನು. ಹೊಸದು ಬಂದು ಕೂರುವ ತನಕ ಹಳೆಯ ಫೈಲುಗಳು ಇದ್ದಲ್ಲೇ ಇರುತ್ತವೆ. ಪೂರ್ತಿ ಫಾರ್ಮ್ಯಾಟ್ ಆಗಿದ್ದರೆ, ಅಥವಾ ಈಗಿನ ಎಸ್‌ಎಸ್‌ಡಿ ಆಗಿದ್ದರೆ ಇಷ್ಟು ಆಸೆ ಇಟ್ಟುಕೊಳ್ಳುವಂತಿರಲಿಲ್ಲ.

ಮೊದಲು ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲೆ ಫೋಟೋರೆಕ್ ಓಡಿಸಿದೆ. ಹೆಸರಿಗೆ ಫೋಟೋ, ಆದರೆ ದಾಖಲೆಗಳನ್ನೂ ಹೆಕ್ಕುತ್ತದೆ. ಫೈಲಿನ ಮೊದಲ ಕೆಲವು ಬೈಟುಗಳ ಗುರುತು ಹಿಡಿದು ಹುಡುಕುವುದರಿಂದ ಸಾಮಾನ್ಯವಾಗಿ ಹಳೆಯ ಹೆಸರಾಗಲಿ ಫೋಲ್ಡರಾಗಲಿ ಉಳಿಯುವುದಿಲ್ಲ. ರಾಶಿ ಫೈಲುಗಳು ಬಂದವು, ಯಾವುದು ಮೊದಲಿನದು ಯಾವುದು ಆಮೇಲಿನದು ಗೊತ್ತಾಗದು. ಒಂದೊಂದೇ ತೆರೆದರೆ ಕನ್ನಡವೇ ಇಲ್ಲ! ಕನ್ನಡ ಎಂಬ ಪದ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು.

ಫೈಲು ಹಾಳಾಗಿರಲಿಲ್ಲ. ಅದು ನುಡಿಯಲ್ಲಿ ಟೈಪಾದದ್ದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ನಮ್ಮ ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಹರಡಿತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ನುಡಿಯ ಫಾಂಟ್ ಹಾಕಿದೊಡನೆ ಪದಗಳು ಮೂಡಿದವು. ಫೈಲುಗಳ ಕಾಲ ತಿಳಿಯಲು ಅವುಗಳಲ್ಲಿದ್ದ ವಿಳಾಸವೇ ನೆರವಾಯಿತು: ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಎಂದಿದ್ದವು 2007ರ ಆಗಸ್ಟಿಗೆ ಮುಂಚಿನವು, ‘ರಾಮನಗರ ಜಿಲ್ಲೆ’ ಎಂದಿದ್ದವು ಆಮೇಲಿನವು. 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದಾದ ಮೇಲೆ ಮೇಷ್ಟ್ರು ಟೈಪ್ ಮಾಡಿದ್ದು ಒಂದೂ ಇರಲಿಲ್ಲ.

ಯೂನಿಕೋಡಿಗೆ ಪರಿವರ್ತಿಸುವ ಕೆಲಸವೇ ಎಲ್ಲಕ್ಕಿಂತ ನಿಧಾನ. ಹಳೆಯ ಫಾಂಟಿನಲ್ಲಿ ‘ಧರ್ಮ’ದ ಅರ್ಕಾವತ್ತು ಕೊನೆಗೆ ಬರುತ್ತದೆ, ಯೂನಿಕೋಡಿನಲ್ಲಿ ಆ ರಕಾರ ಮಕಾರಕ್ಕಿಂತ ಮುಂಚೆ ಬರಬೇಕು. ಪರಿವರ್ತಕ ಎಡವುವುದು ಹೆಚ್ಚಾಗಿ ಅಲ್ಲಿ, ಮತ್ತೆ ಒತ್ತಿನ ಮೇಲೆ ಒತ್ತು ಬಿದ್ದ ಕಡೆ. ಇನ್ನೊಂದು ತಂತ್ರಾಂಶವಾದ ಶ್ರೀಲಿಪಿಯ ಸಂಕೇತಗಳು ಬೇರೆಯೇ ಆದ್ದರಿಂದ ಅದರ ಫೈಲಿಗೆ ನುಡಿಯ ಪರಿವರ್ತಕ ನಡೆಯದು. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲುಸಾಲಾಗಿ ತಿದ್ದಿದೆವು. ಪದ ತಪ್ಪಿದಲ್ಲಿ ಅವರು ಹಾಡಿಯೇ ಸರಿಪಡಿಸುತ್ತಿದ್ದರು. ತಿದ್ದಿದ ಪ್ರತಿ, ಮೂಲ ಫೈಲು, ನುಡಿಯ ಫಾಂಟು, ಮೂರನ್ನೂ ಒಂದೇ ಫೋಲ್ಡರಿಗೆ ಹಾಕಿ ಎರಡು ಡಿಸ್ಕಿಗೆ ನಕಲಿಸಿಕೊಟ್ಟೆ. ಒಂದು ಮೇಷ್ಟ್ರ ಮನೆಯಲ್ಲಿದೆ, ಇನ್ನೊಂದು ಕನಕಪುರದಲ್ಲಿರುವ ಅವರ ಮಗಳ ಬಳಿ.