ಎವ್ರಿಒನ್‌ಗೆ ಫುಲ್ ಕಂಟ್ರೋಲ್

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಡಿಟಿಪಿ ಅಂಗಡಿಗಳಲ್ಲಿ ವಿಂಡೋಸ್ ಎಕ್ಸ್‌ಪಿಯ ಹಳೇ ಕಂಪ್ಯೂಟರೊಂದು ಈಗಲೂ ಮೂಲೆಯಲ್ಲಿ ದುಡಿಯುತ್ತಿರುವುದುಂಟು. ಪೇಜ್‌ಮೇಕರ್, ಹಳೇ ನುಡಿ ಫಾಂಟು, ಆ ಫಾಂಟಿನಲ್ಲಿ ಕೂರಿಸಿಟ್ಟ ಲಗ್ನಪತ್ರಿಕೆಗಳೆಲ್ಲ ಅದರಲ್ಲೇ ಇವೆ. ಪಕ್ಕದಲ್ಲಿ ವಿಂಡೋಸ್ 11ರ ಲ್ಯಾಪ್‌ಟಾಪ್, ಕೆಲವೆಡೆ ಉಬುಂಟು ಹಾಕಿದ ಇನ್ನೊಂದು. ಎಲ್ಲಕ್ಕೂ ಸೇರಿ ಒಂದೇ ಶೇರ್ ಫೋಲ್ಡರ್. ಒಂದು ದಿನ ಅದು ತೆರೆಯುವುದಿಲ್ಲ. "ಅಣ್ಣ, ಪಾಸ್‌ವರ್ಡ್ ಸರಿಯಾಗೇ ಹೊಡಿತಿವ್ನಿ, ತಗೊಳ್ತಾನೇ ಇಲ್ಲ" ಎಂದು ಸರ್ವಿಸ್ ಮಾಡುವವನಿಗೆ ಫೋನ್ ಹೋಗುತ್ತದೆ.

ಆತ ಬಂದು ಮಾಡುವ ರಿಪೇರಿಯ ಬಗ್ಗೆಯೇ ನನ್ನ ತಕರಾರು. ಫೈಲ್ ಶೇರಿಂಗ್‌ನ ಹಳೇ ಭಾಷೆಯಾದ ಎಸ್‌ಎಂಬಿ 1 ಆನ್, ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್, ಎವ್ರಿಒನ್‌ಗೆ ಫುಲ್ ಕಂಟ್ರೋಲ್. ಫೋಲ್ಡರ್ ತೆರೆಯುತ್ತದೆ, ನಿಜ. ಬೀಗ ತೆಗೆಯಲಿಲ್ಲವೆಂದು ಬಾಗಿಲನ್ನೇ ಕಿತ್ತು ಒರಗಿಸಿಟ್ಟ ಹಾಗೆ. ಆ ಫೋಲ್ಡರಿನಲ್ಲಿರುವುದು ಲಗ್ನಪತ್ರಿಕೆಗಳಷ್ಟೇ ಅಲ್ಲ. ಗಿರಾಕಿಗಳ ಆಧಾರ್ ಸ್ಕ್ಯಾನ್, ಪಹಣಿ, ವಂಶವೃಕ್ಷ, ಕ್ರಯಪತ್ರದ ಕರಡು. ಅಂಗಡಿಯ ವೈಫೈ ಪಾಸ್‌ವರ್ಡ್ ಗೋಡೆಯ ಮೇಲೇ ಅಂಟಿಸಿದ್ದರೆ ಕಥೆ ಮುಗಿಯಿತು.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ ನುಗ್ಗಿ. ಆ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಹೊಸ ಆವೃತ್ತಿ ಅದನ್ನು ತಾನಾಗಿ ಹಾಕಿಕೊಳ್ಳುವುದನ್ನು ಬಿಟ್ಟಿತು. ಉಬುಂಟುವಿನಂಥ ಲಿನಕ್ಸ್ ಕಡೆ ಇದೇ ಶೇರಿಂಗ್ ಕೆಲಸ ಮಾಡುವ ಸಾಂಬಾ 2019ರ 4.11ರಲ್ಲಿ ಬಿಟ್ಟಿತು. ಎಕ್ಸ್‌ಪಿಗೆ ಮಾತ್ರ ಅದು ಬಿಟ್ಟರೆ ಬೇರೆ ಭಾಷೆ ಬಾರದು. ಸರ್ವಿಸ್ ಮಾಡುವವನು ಅದನ್ನು ಮತ್ತೆ ಎಬ್ಬಿಸುವುದಕ್ಕೆ ಇದೊಂದು ನಿಜವಾದ ಕಾರಣ. ಆದರೆ ಎಕ್ಸ್‌ಪಿಯೇ ಇಲ್ಲದ ಅಂಗಡಿಯಲ್ಲೂ ಅದೇ ಮದ್ದು ಕೊಡುತ್ತಾನಲ್ಲ, ಅಲ್ಲಿ ರೋಗ ನೋಡುವ ಗೋಜಿಗೇ ಹೋಗಿಲ್ಲ.

ರೋಗ ಬಹಳ ಸಲ ಸಣ್ಣದು. ವಿಂಡೋಸ್ 11ರಲ್ಲಿ ದಿನವೂ ಒತ್ತುವ ನಾಲ್ಕಂಕಿಯ ಪಿನ್ ಆ ಲ್ಯಾಪ್‌ಟಾಪಿನಾಚೆ ನಡೆಯುವುದಿಲ್ಲ. ಬೇರೆ ಕಂಪ್ಯೂಟರಿನಿಂದ ಬರುವವರಿಗೆ ಆ ಅಕೌಂಟಿನ ಅಸಲು ಪಾಸ್‌ವರ್ಡೇ ಬೇಕು. ಅದು ಅಂಗಡಿಯಲ್ಲಿ ಯಾರಿಗೂ ನೆನಪಿಲ್ಲ, ಲ್ಯಾಪ್‌ಟಾಪ್ ತಂದ ದಿನ ಮಗನೋ ಅಳಿಯನೋ ಹಾಕಿದ್ದು. ಪಾಸ್‌ವರ್ಡೇ ಇಡದ ಅಕೌಂಟನ್ನಂತೂ ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಪರದೆ ಇಂಗ್ಲಿಷಿನಲ್ಲಿ ಕಾರಣ ಹೇಳುತ್ತದೆ, ಓದುವ ಮೊದಲೇ ಓಕೆ ಒತ್ತಿರುತ್ತಾರೆ. ಉಬುಂಟುವಿನ ಲಾಗಿನ್ ಪಾಸ್‌ವರ್ಡ್ ಸಾಂಬಾಗೆ ಗೊತ್ತಿರುವುದಿಲ್ಲ, ಅದಕ್ಕೆ ಬೇರೆಯಾಗಿ ಸೇರಿಸಬೇಕು. ಇನ್ನು ವಿಂಡೋಸಿನ ಕ್ರೆಡೆನ್ಷಿಯಲ್ ಮ್ಯಾನೇಜರ್ ಹಳೇ ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಕಳಿಸುವುದೂ ಉಂಟು. ಅಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಮುಗಿಯಿತು.

ಮೈಕ್ರೋಸಾಫ್ಟಿನ ಪಾಲೂ ಇಲ್ಲಿದೆ. ಪಿನ್ ಹಾಕಿದವನಿಗೂ ಅಕ್ಷರ ತಪ್ಪಿದವನಿಗೂ "ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು" ಎಂಬ ಒಂದೇ ಉತ್ತರ. ಇಲ್ಲಿ ಪಿನ್ ನಡೆಯದು ಎಂದು ಒಂದು ಸಾಲು ಸೇರಿಸಿದ್ದರೆ ಎಷ್ಟೋ ಫೋನ್ ಕರೆ ಉಳಿಯುತ್ತಿತ್ತು.

ಈಗ ಹಳೇ ಮದ್ದೂ ನಾಟುತ್ತಿಲ್ಲ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಹೋಗುವುದನ್ನು ತಾನೇ ತಡೆಯುತ್ತದೆ. ಅದನ್ನು ಮುರಿಯಲು ‘ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್’ ಎಂಬ ಆಯ್ಕೆಯನ್ನು ಆನ್ ಮಾಡಿಕೊಡುವವರಿದ್ದಾರೆ!

ಅಚ್ಚುಕಟ್ಟಾಗಿ ಕೆಲಸ ಮಾಡುವವರು ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಶೇರಿಂಗ್‌ಗೆಂದೇ ಒಂದು ಯೂಸರ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಆ ಒಂದು ಹೆಸರಿಗಷ್ಟೇ ಫೋಲ್ಡರ್ ಬಿಡುತ್ತಾರೆ. ಎಕ್ಸ್‌ಪಿಯ ನೆಟ್‌ವರ್ಕ್ ಕೇಬಲ್ ಕಿತ್ತು, ಅದರ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ದಾಟಿಸುತ್ತಾರೆ. ಪೆನ್‌ಡ್ರೈವ್‌ಗೂ ವೈರಸ್ ಹತ್ತುತ್ತದೆ, ಆದರೂ ಬಾಗಿಲು ದಿನವಿಡೀ ತೆರೆದಿರುವುದಿಲ್ಲ. ಇದಕ್ಕೆ ಅರ್ಧ ದಿನ ಬೇಕು, ಮದುವೆ ಸೀಸನ್ನಿನಲ್ಲಿ ಯಾವ ಅಂಗಡಿಯವನೂ ಅಷ್ಟು ಹೊತ್ತು ಕಾಯುವುದಿಲ್ಲ. ಆಷಾಢದಲ್ಲಿ ಕರೆಸಿದರೆ ಆಯಿತು.